ಮನೆಯಲ್ಲಿ ಸತ್ತ ಹಮ್ಮಿಂಗ್‌ಬರ್ಡ್ ಸಿಕ್ಕಿದರೆ: ಗುರುತು ಹಿಡಿಯುವುದು ಹೇಗೆ, ಆಮೇಲೆ ಮಾಡಬೇಕಾದ್ದೇನು

ಫೆಬ್ರವರಿಯ ಒಂದು ಶನಿವಾರ ಬೆಳಗ್ಗೆ ಅಮ್ಮ ಹಿತ್ತಲ ಕಡೆಯಿಂದ ಕೂಗಿದರು. "ಬಾರೇ ಇಲ್ಲಿ, ಯಾವುದೋ ಸೂರಕ್ಕಿ ಬಿದ್ದಿದೆ." ಅವರು ತುಮಕೂರಿನಿಂದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ಆಗ ಮೂರು ವಾರ ಆಗಿತ್ತು. ಕಾಫಿ ಲೋಟ ಕೆಳಗಿಟ್ಟು ಹೋಗಿ ನೋಡಿದೆ. ಗಾಜಿನ ಬಾಗಿಲ ಬುಡದಲ್ಲಿ, ಸಿಮೆಂಟಿನ ಮೇಲೆ, ಒಂದು ಹಮ್ಮಿಂಗ್‌ಬರ್ಡ್. ಕೊಕ್ಕಿನಿಂದ ಬಾಲದ ತುದಿಗೆ ಅಳೆದರೆ ನನ್ನ ಅಂಗೈ ಅಗಲಕ್ಕಿಂತ ಚೂರು ಜಾಸ್ತಿ. ಬೆನ್ನು ಹಸಿರು, ಹೊಟ್ಟೆ ಬೂದಿ ಬಣ್ಣ. ಕೊಕ್ಕಿನ ತುದಿಯಲ್ಲಿ ದಾರದ ಎಳೆಯಂಥ ನಾಲಿಗೆ ಸ್ವಲ್ಪ ಹೊರಗೆ ಬಂದಿತ್ತು.

ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಇದು ಅಪರೂಪವೇನಲ್ಲ. ದೊಡ್ಡ ಗಾಜಿನ ಬಾಗಿಲು, ಪಕ್ಕದಲ್ಲೇ ಸಕ್ಕರೆ ನೀರಿನ ಫೀಡರ್, ಪಕ್ಕದ ಮನೆಯ ಬೆಕ್ಕು, ಇವಿಷ್ಟು ಇದ್ದರೆ ಒಂದಲ್ಲ ಒಂದು ದಿನ ಹೀಗಾಗುತ್ತದೆ. ಆಗ ಏನು ಮಾಡಬೇಕು, ಯಾವ ಹಕ್ಕಿ ಅಂತ ಹೇಗೆ ಹೇಳುವುದು, ಎಲ್ಲವನ್ನೂ ನಾನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ. ನಾನು ತಪ್ಪಿದ ಕಡೆ ಅದನ್ನೂ ಹೇಳುತ್ತೇನೆ.

ಹಂತ 1: ನಿಜವಾಗಿ ಸತ್ತಿದೆಯಾ?

ಎಲ್ಲಕ್ಕಿಂತ ಮುಖ್ಯ ಇದು. ಹಮ್ಮಿಂಗ್‌ಬರ್ಡ್ ಸತ್ತಂತೆ ಕಾಣುವುದರಲ್ಲಿ ನಿಪುಣ. ರಾತ್ರಿ ಚಳಿಯಲ್ಲಿ ಶಕ್ತಿ ಉಳಿಸಲು ಅದು ಟಾರ್ಪರ್ ಎಂಬ ಗಾಢ ನಿದ್ದೆಗೆ ಇಳಿಯುತ್ತದೆ. ಹಗಲಲ್ಲಿ ಸುಮಾರು 40 ಡಿಗ್ರಿ ಇರುವ ಮೈಬಿಸಿ, ಸುತ್ತಲಿನ ಗಾಳಿಯ ಹತ್ತಿರಕ್ಕೆ ಇಳಿದುಬಿಡುತ್ತದೆ. ಹಾರುವಾಗ ನಿಮಿಷಕ್ಕೆ ಸಾವಿರ ಸಲ ಬಡಿಯುವ ಎದೆ ಐವತ್ತು ಸಲಕ್ಕೆ ಬರುತ್ತದೆ. ಪೆರುವಿನ ಆಂಡಿಸ್ ಬೆಟ್ಟಗಳಲ್ಲಿ ಒಂದು ಜಾತಿಯ ಮೈಬಿಸಿ 3.3 ಡಿಗ್ರಿವರೆಗೆ ಇಳಿದದ್ದು 2020ರಲ್ಲಿ ದಾಖಲಾಗಿದೆ. ಫ್ರಿಜ್ಜಿನಲ್ಲಿಟ್ಟ ನೀರಿನಷ್ಟು ತಣ್ಣಗೆ, ಆದರೂ ಜೀವಂತ!

ಹಾಗಾಗಿ ಚಳಿಯ ಬೆಳಗ್ಗೆ ಫೀಡರಿಗೆ ತಲೆಕೆಳಗಾಗಿ ನೇತುಬಿದ್ದ ಹಕ್ಕಿ ಕಂಡರೆ ಅದನ್ನು ಮುಟ್ಟಲೇಬೇಡಿ. ಬಿಸಿಲು ಏರಿದ ಮೇಲೆ ಅರ್ಧ ಗಂಟೆಯಲ್ಲೋ ಒಂದು ಗಂಟೆಯಲ್ಲೋ ಅದೇ ಎದ್ದು ಹೋಗುತ್ತದೆ.

ನೆಲದ ಮೇಲೆ ಬಿದ್ದಿದ್ದರೆ ಟಾರ್ಪರ್ ಆಗಿರುವುದು ಕಡಿಮೆ. ಗಾಜಿಗೆ ಬಡಿದು ಎಚ್ಚರ ತಪ್ಪಿರಬಹುದು. ಕಣ್ಣು ನೋಡಿ. ಗುಳಿ ಬಿದ್ದು ಮಂಕಾಗಿದ್ದರೆ, ಇರುವೆ ಮುತ್ತಿದ್ದರೆ, ಮೈ ಸೆಟೆದಿದ್ದರೆ ಮುಗಿಯಿತು. ಇವು ಯಾವುವೂ ಇಲ್ಲದಿದ್ದರೆ ಸತ್ತಿದೆ ಅಂತ ಅಂದುಕೊಳ್ಳಬೇಡಿ. ಚಿಕ್ಕ ರಟ್ಟಿನ ಡಬ್ಬಿಗೆ ಟಿಶ್ಯೂ ಹಾಸಿ, ಅದರಲ್ಲಿಟ್ಟು, ಮುಚ್ಚಿ, ಗಲಾಟೆ ಇಲ್ಲದ ಕಡೆ ಇಡಿ. ಒಂದು ಗಂಟೆ ಬಿಡಿ. ನಡುನಡುವೆ ಇಣುಕುವುದು ಬೇಡ. ಬಾಯಿಗೆ ನೀರು ಬಿಡುವುದಂತೂ ಬೇಡವೇ ಬೇಡ. ಎಚ್ಚರ ಇಲ್ಲದ ಹಕ್ಕಿಯ ಶ್ವಾಸಕೋಶಕ್ಕೆ ಹೋಗುತ್ತದೆ.

ಡಬ್ಬಿಯಲ್ಲಿ ಸರಸರ ಸದ್ದು ಬಂದರೆ ಹೊರಗೆ ಒಯ್ದು ಮುಚ್ಚಳ ತೆಗೆಯಿರಿ. ಎಚ್ಚರವಾಗಿದೆ, ಆದರೆ ಹಾರುತ್ತಿಲ್ಲ ಅಂದರೆ ಗಾಯಗೊಂಡ ಕಾಡುಪ್ರಾಣಿ ನೋಡಿಕೊಳ್ಳುವ ಕೇಂದ್ರಕ್ಕೆ ಕೂಡಲೇ ಫೋನ್ ಮಾಡಿ. ನಮ್ಮ ಸನ್ನಿವೇಲ್ ಸುತ್ತಲಿನ ಬೇ ಏರಿಯಾದಲ್ಲಿ ಸ್ಯಾನ್ ಹೋಸೆಯ ವೈಲ್ಡ್‌ಲೈಫ್ ಸೆಂಟರ್ ಆಫ್ ಸಿಲಿಕಾನ್ ವ್ಯಾಲಿ ಇದೆ. ಬೇರೆ ಊರಲ್ಲಿದ್ದರೆ ಅನಿಮಲ್ ಹೆಲ್ಪ್ ನೌ ಎಂಬ ತಾಣದಲ್ಲಿ ಹತ್ತಿರದ್ದು ಸಿಗುತ್ತದೆ. ನಾಳೆ ನೋಡೋಣ ಅಂದರೆ ಆಗುವುದಿಲ್ಲ. ಹಗಲಲ್ಲಿ ಕೆಲವು ಗಂಟೆ ಹೊಟ್ಟೆಗೆ ಬೀಳದಿದ್ದರೂ ಈ ಹಕ್ಕಿ ಉಳಿಯುವುದು ಕಷ್ಟ. ಬೆಕ್ಕು ಬಾಯಿ ಹಾಕಿದ್ದರೆ, ಗಾಯ ಕಾಣದಿದ್ದರೂ ಕೇಂದ್ರಕ್ಕೇ ಕೊಡಿ. ಬೆಕ್ಕಿನ ಜೊಲ್ಲಿನಲ್ಲಿರುವ ಬ್ಯಾಕ್ಟೀರಿಯಾ ಹಕ್ಕಿಯನ್ನು ಒಂದೆರಡು ದಿನದಲ್ಲಿ ಕೊಲ್ಲಬಲ್ಲದು.

ನಮ್ಮದನ್ನೂ ಬಾದಾಮಿ ಡಬ್ಬಿಯಲ್ಲಿ ಒಂದು ಗಂಟೆ ಇಟ್ಟೆವು. ಅಮ್ಮ ಅಡುಗೆ ಮನೆಗೂ ಡಬ್ಬಿಗೂ ಐದು ಸಲ ಓಡಾಡಿದರು. ಏಳಲಿಲ್ಲ.

ಹಂತ 2: ಇದು ಹಮ್ಮಿಂಗ್‌ಬರ್ಡೇ ಹೌದಾ?

ಹಮ್ಮಿಂಗ್‌ಬರ್ಡ್ ಇರುವುದು ಉತ್ತರ, ದಕ್ಷಿಣ ಅಮೆರಿಕಗಳಲ್ಲಿ ಮಾತ್ರ. 360ಕ್ಕೂ ಹೆಚ್ಚು ಜಾತಿಗಳಲ್ಲಿ ಒಂದೂ ಅಟ್ಲಾಂಟಿಕ್ ದಾಟಿ ಬಂದಿಲ್ಲ. ಬೆಂಗಳೂರಿನ ಬಾಲ್ಕನಿಯ ದಾಸವಾಳಕ್ಕೆ ಬರುವುದು ಸೂರಕ್ಕಿ. ವಾಟ್ಸ್ಯಾಪಿನಲ್ಲಿ ಅದರ ಫೋಟೊ ಹಾಕಿ ಹಮ್ಮಿಂಗ್‌ಬರ್ಡ್ ಅನ್ನುವವರು ನಮ್ಮ ಬಳಗದಲ್ಲೇ ಮೂರು ಜನ ಇದ್ದಾರೆ. ಅಮ್ಮ ಉಲ್ಟಾ ತಪ್ಪು ಮಾಡಿದರು, ಅಷ್ಟೆ.

ಕೈಯಲ್ಲಿದ್ದರೆ ವ್ಯತ್ಯಾಸ ಸುಲಭ. ಸೂರಕ್ಕಿಯ ಕೊಕ್ಕು ಕೆಳಕ್ಕೆ ಬಾಗಿರುತ್ತದೆ, ಅಮೆರಿಕದ ಮನೆಗಳ ಹತ್ತಿರ ಸಿಗುವ ಹಮ್ಮಿಂಗ್‌ಬರ್ಡ್‌ಗಳದ್ದು ಹೆಚ್ಚುಕಮ್ಮಿ ನೆಟ್ಟಗೆ. ಸೂರಕ್ಕಿಗೆ ಗುಬ್ಬಿಯ ಹಾಗೆ ಗಟ್ಟಿ ಕಾಲು, ರೆಂಬೆ ಮೇಲೆ ಕುಪ್ಪಳಿಸುತ್ತದೆ. ಹಮ್ಮಿಂಗ್‌ಬರ್ಡಿನ ಕಾಲು ಹೊಟ್ಟೆಯ ಗರಿಯಲ್ಲಿ ಹುಡುಕಬೇಕು. ಅದು ನಡೆಯುವುದೇ ಇಲ್ಲ. ಬಾಲದ ಗರಿ ಎಣಿಸಿದರೆ ಸೂರಕ್ಕಿಗೆ 12, ಹಮ್ಮಿಂಗ್‌ಬರ್ಡಿಗೆ 10.

ಇನ್ನೊಂದು ಮೋಸಗಾರ ಇದೆ, ಹಾಕ್ ಮಾತ್ ಎಂಬ ದಪ್ಪ ಪತಂಗ. ಹೂವಿನ ಮುಂದೆ ನಿಂತಲ್ಲೇ ಹಾರುತ್ತದೆ, ಗುಂಯ್ ಅನ್ನುತ್ತದೆ. ಲಂಡನ್ನಿನಲ್ಲಿ ಕೂತು ಹಮ್ಮಿಂಗ್‌ಬರ್ಡ್ ನೋಡಿದೆ ಅನ್ನುವ ಸ್ನೇಹಿತರಿದ್ದರೆ ಅವರು ನೋಡಿದ್ದು ಇದನ್ನೇ. ಸತ್ತದ್ದು ಸಿಕ್ಕರೆ ಗೊಂದಲವೇ ಇಲ್ಲ. ಆರು ಕಾಲು, ಎರಡು ಮೀಸೆ, ಸುರುಳಿ ಸುತ್ತಿದ ಸೊಂಡಿಲು, ಮುಟ್ಟಿದರೆ ಬೆರಳಿಗೆ ಪುಡಿ.

ಹಂತ 3: ಕಾನೂನು ಏನು ಹೇಳುತ್ತದೆ

ಇದು ಬಹಳ ಜನಕ್ಕೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಅಮೆರಿಕದಲ್ಲಿ 1918ರ ವಲಸೆ ಹಕ್ಕಿಗಳ ಕಾಯ್ದೆ ಇದೆ, ಮೈಗ್ರೇಟರಿ ಬರ್ಡ್ ಟ್ರೀಟಿ ಆಕ್ಟ್. ಅದರ ಪ್ರಕಾರ ಹಮ್ಮಿಂಗ್‌ಬರ್ಡನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಜೀವಂತ ಇರಲಿ, ಸತ್ತದ್ದಿರಲಿ. ಗರಿ, ಗೂಡು, ಮೊಟ್ಟೆಗೂ ಅದೇ ನಿಯಮ. ತಾನಾಗಿ ಗಾಜಿಗೆ ಬಡಿದು ಸತ್ತಿತು, ನಾವೇನೂ ಮಾಡಲಿಲ್ಲ ಅಂದರೂ ವಿನಾಯಿತಿ ಇಲ್ಲ. ದಂಡ 15,000 ಡಾಲರ್ ತನಕ, ಆರು ತಿಂಗಳ ತನಕ ಜೈಲು, ಎರಡೂ ಕಾಗದದ ಮೇಲಿದೆ. ಹಿತ್ತಲಲ್ಲಿ ಹೂತವರ ಮನೆಗೆ ಯಾರೂ ಬರುವುದಿಲ್ಲ, ಹೆದರಬೇಡಿ. ಆದರೆ ಒಣಗಿಸಿ ಶೋಕೇಸಿನಲ್ಲಿಡುವ ಯೋಚನೆ ಬಿಡಿ.

ಅಮ್ಮನಿಗೆ ಬೇಜಾರಾಯಿತು. ಒಂದೇ ಒಂದು ಗರಿ ತೆಗೆದುಕೊಂಡು ಹೋಗಿ ಮೊಮ್ಮಗನ ಪುಸ್ತಕದಲ್ಲಿ ಇಡೋಣ ಅಂದುಕೊಂಡಿದ್ದರಂತೆ. ನವಿಲುಗರಿಯನ್ನು ಪುಸ್ತಕದಲ್ಲಿಟ್ಟು, ಮರಿ ಹಾಕುತ್ತದೆ ಅಂತ ದಿನಾ ತೆಗೆದು ನೋಡಿದವರು ನಾವೆಲ್ಲ, ಅಲ್ವಾ? "ಗರಿ ಇಟ್ಟುಕೊಂಡರೆ ಜೈಲಾ? ಎಂಥಾ ಊರೇ ಇದು" ಅಂದರು. ಊರಿಗೆ ಒಯ್ಯುವುದು ಇನ್ನೂ ತೊಡಕು. ಹಮ್ಮಿಂಗ್‌ಬರ್ಡ್‌ಗಳೆಲ್ಲ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಗಡಿ ದಾಟಿಸಲು ಬೇರೆ ಕಾಗದಪತ್ರ ಬೇಕು. ಸತ್ತ ಹಮ್ಮಿಂಗ್‌ಬರ್ಡಿಗೆ ಕಳ್ಳ ಮಾರುಕಟ್ಟೆಯೂ ಇದೆ. ಮೆಕ್ಸಿಕೊ ಕಡೆಯಿಂದ ಚುಪರೋಸಾ ಅನ್ನುವ ವಶೀಕರಣದ ತಾಯಿತಕ್ಕಾಗಿ ಇದನ್ನು ಒಣಗಿಸಿ, ಕೆಂಪು ದಾರ ಸುತ್ತಿ ಮಾರುತ್ತಾರೆ.

ಹಂತ 4: ಎತ್ತುವುದು ಮತ್ತು ಫೋಟೊ

ಬರಿಗೈಲಿ ಬೇಡ. ಗ್ಲೌಸ್ ಇಲ್ಲದಿದ್ದರೆ ಜಿಪ್‌ಲಾಕ್ ಕವರನ್ನು ಒಳಹೊರಗು ಮಾಡಿ ಕೈಗೆ ಹಾಕಿಕೊಳ್ಳಿ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮಕ್ಕಳು ನೋಡಲಿ, ಮುಟ್ಟುವುದು ಬೇಡ.

ಬಿಳಿ ಹಾಳೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಸ್ಕೇಲ್ ಇಡಿ. ಇಲ್ಲದಿದ್ದರೆ ಒಂದು ನಾಣ್ಯ. ನಾನು ಐದು ಸೆಂಟಿನ ನಿಕಲ್ ಇಟ್ಟೆ. ಅದರ ತೂಕ 5 ಗ್ರಾಂ. ಹಕ್ಕಿ ಅದಕ್ಕಿಂತ ಹಗುರ, ಅಡುಗೆ ಮನೆಯ ತಕ್ಕಡಿ 4 ಅಂತ ತೋರಿಸಿತು. ತಕ್ಕಡಿ ಮೇಲೆ ಹಕ್ಕಿ ಇಟ್ಟಿದ್ದಕ್ಕೆ ಅಮ್ಮನಿಂದ ಬೈಸಿಕೊಂಡೆ. ಪ್ಲಾಸ್ಟಿಕ್ ಹಾಸಿಯೇ ಇಟ್ಟಿದ್ದೆ, ಆದರೂ.

ಫೋಟೊ ಕಡಿಮೆ ಅಂದರೂ ಆರು ಬೇಕು. ಬೆನ್ನು, ಹೊಟ್ಟೆ, ಕೊಕ್ಕಿನ ಸಮೇತ ತಲೆ ಪಕ್ಕದಿಂದ, ಗಂಟಲು, ಬಿಡಿಸಿದ ಬಾಲ, ಬಿಡಿಸಿದ ರೆಕ್ಕೆ. ಜನ ಬೆನ್ನಿನದ್ದೊಂದು ತೆಗೆದು ಯಾವ ಹಕ್ಕಿ ಅಂತ ಕೇಳುತ್ತಾರೆ. ಬೆನ್ನು ಹೆಚ್ಚಿನವಕ್ಕೆ ಹಸಿರೇ. ಅದರಿಂದ ಏನೂ ತಿಳಿಯುವುದಿಲ್ಲ. ಬಾಲವೇ ಮುಖ್ಯ. ಎರಡು ಹಲ್ಲುಕಡ್ಡಿ ತೆಗೆದುಕೊಂಡು, ಒಂದರಿಂದ ನಡುವಿನ ಗರಿ ಹಿಡಿದು, ಇನ್ನೊಂದರಿಂದ ಹೊರಗಿನ ಗರಿಯನ್ನು ಮೆಲ್ಲಗೆ ಸರಿಸಿ. ಬೀಸಣಿಗೆ ಹಾಗೆ ಬಿಚ್ಚಿಕೊಳ್ಳುತ್ತದೆ. ಮೈ ಸೆಟೆಯುವ ಮೊದಲು ಮಾಡಿದರೆ ಸುಲಭ.

ಗಂಟಲಿನ ಫೋಟೊ ನೆರಳಿನಲ್ಲಿ ತೆಗೆದರೆ ಕಪ್ಪಾಗಿ ಬರುತ್ತದೆ. ಅಲ್ಲಿರುವ ಕೆಂಪು, ನೇರಳೆ ಬಣ್ಣದ ಪುಡಿಯಲ್ಲ. ಗರಿಯೊಳಗೆ ಬಹಳ ತೆಳುವಾದ ಪದರಗಳಿದ್ದು, ಅವು ಬೆಳಕನ್ನು ಒಂದು ದಿಕ್ಕಿಗೆ ವಾಪಸ್ ಕಳಿಸುತ್ತವೆ. ರೇಷ್ಮೆ ಸೀರೆಯನ್ನು ಅತ್ತಿತ್ತ ತಿರುಗಿಸಿದಾಗ ಬಣ್ಣ ಬದಲಾಗುತ್ತದಲ್ಲ, ಕಾಣುವುದು ಹಾಗೇ. ಹಾಳೆಯನ್ನೇ ಬಿಸಿಲಿನಲ್ಲಿ ನಿಧಾನಕ್ಕೆ ತಿರುಗಿಸಿ. ಕಲ್ಲಿದ್ದಲಿನಂತೆ ಕಂಡಿದ್ದು ಒಂದು ಕೋನದಲ್ಲಿ ಭಗ್ಗನೆ ಹೊತ್ತಿಕೊಳ್ಳುತ್ತದೆ. ಆ ಕ್ಷಣ ಕ್ಲಿಕ್ ಮಾಡಿ.

ಹಂತ 5: ಊರು ಯಾವುದು, ತಿಂಗಳು ಯಾವುದು

ಪುಸ್ತಕ ತೆರೆದು ಎಲ್ಲ ಚಿತ್ರದ ಜೊತೆ ಹೋಲಿಸುತ್ತಾ ಕೂರಬೇಡಿ. ನೀವಿರುವ ಜಾಗವೇ ಮುಕ್ಕಾಲು ಉತ್ತರ ಹೇಳುತ್ತದೆ.

ನ್ಯೂಜೆರ್ಸಿ, ಷಿಕಾಗೊ, ಅಟ್ಲಾಂಟಾ ಕಡೆಯಾದರೆ, ಬೇಸಿಗೆಯಲ್ಲಿ, ರೂಬಿ-ಥ್ರೋಟೆಡ್. ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಗೂಡು ಕಟ್ಟುವ ಹಮ್ಮಿಂಗ್‌ಬರ್ಡ್ ಅದೊಂದೇ. ಅಲ್ಲೇ ಡಿಸೆಂಬರಿನಲ್ಲಿ ಸಿಕ್ಕಿದರೆ ಮಾತ್ರ ಕಿವಿ ನಿಮಿರಿಸಿ. ದಾರಿ ತಪ್ಪಿ ಬಂದ ಪಶ್ಚಿಮದ ರೂಫಸ್ ಆಗಿರಬಹುದು. ಡಲ್ಲಾಸ್, ಆಸ್ಟಿನ್ ಕಡೆ ರೂಬಿ-ಥ್ರೋಟೆಡ್ ಜೊತೆಗೆ ಬ್ಲ್ಯಾಕ್-ಚಿನ್ಡ್ ಕೂಡ ಉಂಟು. ಫೀನಿಕ್ಸ್‌ನಲ್ಲಿ ಆನಾಸ್, ಕೋಸ್ಟಾಸ್, ಬ್ಲ್ಯಾಕ್-ಚಿನ್ಡ್ ಮೂರೂ. ಸಿಯಾಟಲ್‌ನಲ್ಲಿ ವರ್ಷವಿಡೀ ಆನಾಸ್, ವಸಂತದಲ್ಲಿ ರೂಫಸ್.

ನಮ್ಮ ಬೇ ಏರಿಯಾದಲ್ಲಿ ವರ್ಷವಿಡೀ ಇರುವುದು ಆನಾಸ್ ಹಮ್ಮಿಂಗ್‌ಬರ್ಡ್. 1829ರಲ್ಲಿ ಫ್ರಾನ್ಸಿನ ರೆನೆ ಲೆಸ್ಸನ್ ಇದಕ್ಕೆ ರಿವೋಲಿಯ ಡಚೆಸ್ ಆನಾ ಅವರ ಹೆಸರಿಟ್ಟ. ನಮ್ಮಮ್ಮನ ಕಿವಿಗೆ ಅದು "ಅಣ್ಣಾಸ್" ಅಂತ ಬಿದ್ದು, ಈಗ ನಮ್ಮ ಮನೆಯಲ್ಲಿ ಅದು ಅಣ್ಣನ ಹಕ್ಕಿ. ಮೊದಲು ದಕ್ಷಿಣ ಕ್ಯಾಲಿಫೋರ್ನಿಯಾದ ಸುತ್ತ ಮಾತ್ರ ಇತ್ತು. ಜನ ನೀಲಗಿರಿ ಮರ, ತೋಟದ ಹೂಗಿಡ ನೆಟ್ಟರು, ಫೀಡರ್ ತೂಗಿದರು, ಅದು ಹಿಂದೆಯೇ ಬಡಗಣಕ್ಕೆ ಬಂತು. ಈಗ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲೂ ಇದೆ. ಜನವರಿ ಫೆಬ್ರವರಿಯಿಂದ ಕರಾವಳಿಗೆ ಆಲೆನ್ಸ್ ಬರತೊಡಗುತ್ತದೆ, ವಸಂತದಲ್ಲಿ ರೂಫಸ್ ಹಾದು ಹೋಗುತ್ತದೆ. ಬೇಸಿಗೆಗೆ ಒಳನಾಡಿನಲ್ಲಿ ಬ್ಲ್ಯಾಕ್-ಚಿನ್ಡ್.

ಹಂತ 6: ಬಾಲ ಮೊದಲು, ಗಂಟಲು ಕೊನೆಗೆ

ನಾನು ಎಡವಿದ್ದು ಇಲ್ಲೇ. ಗಂಟಲಿನ ನಡುವೆ ಸಾಸಿವೆ ಕಾಳಿನಷ್ಟು ದೊಡ್ಡ ನಾಲ್ಕೈದು ಕೆಂಪು ಗರಿ ಕಂಡಿತು. ಓಹೋ, ಇದು ರೂಬಿ-ಥ್ರೋಟೆಡ್, ಅಂದರೆ ಕೆಂಪು ಗಂಟಲಿನದು, ಅಂತ ತೀರ್ಮಾನ ಮಾಡಿಬಿಟ್ಟೆ. ಕ್ಯಾಲಿಫೋರ್ನಿಯಾದಲ್ಲಿ, ಫೆಬ್ರವರಿಯಲ್ಲಿ! ಹೆಸರಿನ ಮೇಲೆ ನಂಬಿಕೆ ಇಟ್ಟರೆ ಹೀಗೇ ಆಗುವುದು.

ಸರಿಯಾದ ಮೊದಲ ಪ್ರಶ್ನೆ ಇದು: ಬಿಡಿಸಿದ ಬಾಲದಲ್ಲಿ ಇಟ್ಟಿಗೆ ಬಣ್ಣ ಇದೆಯಾ?

ಇದ್ದರೆ, ಪಶ್ಚಿಮ ತೀರದಲ್ಲಿ ಅದು ರೂಫಸ್ ಅಥವಾ ಆಲೆನ್ಸ್. ಗಂಡಿಗೆ ಬಾಲ ಪೂರ್ತಿ ಇಟ್ಟಿಗೆ ಬಣ್ಣ, ಹೆಣ್ಣಿಗೆ ಗರಿಗಳ ಬುಡದಲ್ಲಿ ಮಾತ್ರ. ಗಂಡಿನ ಬೆನ್ನೂ ಇಟ್ಟಿಗೆ ಬಣ್ಣವಾದರೆ ರೂಫಸ್. ಬೆನ್ನು ಹಸಿರಾದರೆ ಆಲೆನ್ಸ್ ಅಂತ ಹೇಳುವ ರೂಢಿ ಇದೆ, ಆದರೆ ಹಸಿರು ಬೆನ್ನಿನ ರೂಫಸ್ ಕೂಡ ಉಂಟು. ಮರದ ಮೇಲಿರುವ ಹಕ್ಕಿಯಲ್ಲಿ ಇದನ್ನು ಬಿಡಿಸುವುದು ಕಷ್ಟ, ನಿಮ್ಮ ಮುಂದಿರುವ ಹಕ್ಕಿಯಲ್ಲಿ ಆಗುತ್ತದೆ. ಬಾಲದ ಗರಿಗಳನ್ನು ನಡುವಿನಿಂದ ಹೊರಕ್ಕೆ ಎಣಿಸಿ. ಎರಡನೇ ಗರಿಯ ತುದಿಯ ಹತ್ತಿರ ಕಚ್ಚಿ ತೆಗೆದಂತೆ ಒಂದು ಕಚ್ಚು ಇದ್ದರೆ ರೂಫಸ್ ಗಂಡು. ಕಚ್ಚು ಇಲ್ಲದೆ, ತೀರಾ ಹೊರಗಿನ ಐದನೇ ಗರಿ ತೆಂಗಿನ ಕಡ್ಡಿಯ ಹಾಗೆ ಸಣ್ಣಗಿದ್ದರೆ ಆಲೆನ್ಸ್. ಹೆಣ್ಣುಗಳ ವಿಷಯದಲ್ಲಿ ಬಹಳ ತಿಳಿದವರೂ "ರೂಫಸ್ ಅಥವಾ ಆಲೆನ್ಸ್" ಅಂತ ಬರೆದು ಸುಮ್ಮನಾಗುತ್ತಾರೆ. ನೀವೂ ಹಾಗೇ ಮಾಡಿ.

ಬಾಲದಲ್ಲಿ ಇಟ್ಟಿಗೆ ಬಣ್ಣ ಇಲ್ಲವೇ? ಈಗ ರೆಕ್ಕೆ ಬಿಡಿಸಿ. ಹೊರಗಿನ ಹತ್ತು ಉದ್ದ ಗರಿಗಳನ್ನು ನೋಡಿ. ಒಳಗಿನ ಆರು ಗರಿ ತೆಳ್ಳಗೆ, ಹೊರಗಿನ ನಾಲ್ಕು ಎದ್ದು ಕಾಣುವಷ್ಟು ಅಗಲ ಇದ್ದರೆ ಅದು ಬ್ಲ್ಯಾಕ್-ಚಿನ್ಡ್ ಅಥವಾ ರೂಬಿ-ಥ್ರೋಟೆಡ್ ಗುಂಪು. ಈ ಎರಡರ ಹೆಣ್ಣುಗಳು ಅಕ್ಕತಂಗಿಯರ ಹಾಗೆ. ಟೆಕ್ಸಾಸ್‌ನವರಿಗೆ ಇದೇ ತಲೆನೋವು. ತೀರಾ ಹೊರಗಿನ ಗರಿಯ ತುದಿ ಅಗಲವಾಗಿ ದುಂಡಗಿದ್ದರೆ ಬ್ಲ್ಯಾಕ್-ಚಿನ್ಡ್, ಚೂಪಾಗುತ್ತಾ ಹೋದರೆ ರೂಬಿ-ಥ್ರೋಟೆಡ್. ಹತ್ತೂ ಗರಿ ಅಂಥ ವ್ಯತ್ಯಾಸವಿಲ್ಲದೆ ಸಾಲಾಗಿದ್ದರೆ, ಇಲ್ಲಿನ ಮಟ್ಟಿಗೆ ಅದು ಆನಾಸ್ ಅಥವಾ ಕೋಸ್ಟಾಸ್. ಕೋಸ್ಟಾಸ್ ಚಿಕ್ಕದು, ಮರುಭೂಮಿಯ ಹಕ್ಕಿ. ಆನಾಸ್ ಹತ್ತು ಸೆಂಟಿಮೀಟರ್ ಉದ್ದ, ಎದೆ ತುಂಬಿಕೊಂಡಿರುತ್ತದೆ, ಹೊಟ್ಟೆ ಮಾಸಲು ಬೂದಿ.

ಗಂಟಲನ್ನು ಈಗ ನೋಡಬಹುದು. ಆನಾಸ್ ಗಂಡಿಗೆ ಗಂಟಲಷ್ಟೇ ಅಲ್ಲ, ನೆತ್ತಿಯೂ ಗುಲಾಬಿ ಕೆಂಪು. ಹೋಳಿಯಲ್ಲಿ ಯಾರೋ ತಲೆಗೆ ಬಣ್ಣ ಸುರಿದಂತೆ. ಕೋಸ್ಟಾಸ್ ಗಂಡಿಗೆ ನೇರಳೆ, ಅದು ಎರಡೂ ಕಡೆ ಹುರಿ ಮೀಸೆಯಂತೆ ಇಳಿದಿರುತ್ತದೆ. ಬ್ಲ್ಯಾಕ್-ಚಿನ್ಡ್‌ಗೆ ಕಪ್ಪು ಗಂಟಲು, ಕೆಳಗೆ ಮಾತ್ರ ನೇರಳೆ ಪಟ್ಟಿ. ರೂಬಿ-ಥ್ರೋಟೆಡ್‌ಗೆ ಕೆಂಪು ಗಂಟಲು, ನೆತ್ತಿ ಹಸಿರು. ಆನಾಸ್ ಹೆಣ್ಣಿಗೆ ಗಂಟಲಿನ ನಡುವೆ ಚಿಕ್ಕ ಕೆಂಪು ಮಚ್ಚೆ ಇರುವುದು ತೀರಾ ಸಾಮಾನ್ಯ. ನನಗೆ ಮೋಸ ಮಾಡಿದ್ದು ಇದೇ. ನಮ್ಮದು ಆನಾಸ್ ಹೆಣ್ಣು. ಬಾಲದ ಹೊರಗರಿಗಳ ತುದಿಯಲ್ಲಿ ಬಿಳಿ, ಎಲ್ಲೂ ಇಟ್ಟಿಗೆ ಬಣ್ಣ ಇಲ್ಲ, ರೆಕ್ಕೆಯ ಗರಿ ಸಮ.

ಮರಿಯೋ ದೊಡ್ಡದೋ ತಿಳಿಯಲು ಮೇಲಿನ ಕೊಕ್ಕನ್ನು ಫೋನಿನ ಮ್ಯಾಗ್ನಿಫೈಯರಿನಲ್ಲಿ ನೋಡಿ. ಮರಿಗೆ ಕೊಕ್ಕಿನ ಉದ್ದಕ್ಕೂ ಸಣ್ಣ ಓರೆ ಗೀರುಗಳಿರುತ್ತವೆ. ದೊಡ್ಡದಾದಂತೆ ನಯವಾಗುತ್ತದೆ. ನಮ್ಮದರ ಕೊಕ್ಕು ನಯವಾಗಿತ್ತು. ಹಣೆಯ ಮೇಲೆ ಹಳದಿ ಪುಡಿ ಅಂಟಿತ್ತು. ಅಮ್ಮ ಅರಿಶಿನ ಅಂದರು. ಅದು ಹೂವಿನ ಪರಾಗ. ಮೂಗಿನ ತೂತಿನ ಹತ್ತಿರ ಚುಕ್ಕಿಯಂಥ ನುಸಿ ಹರಿದಾಡುತ್ತಿದ್ದರೂ ಗಾಬರಿ ಬೇಡ. ಹೂವಿನಿಂದ ಹೂವಿಗೆ ಹೋಗಲು ಹಕ್ಕಿಯ ಮೂಗಿನಲ್ಲಿ ಕೂತು ಹೋಗುವ ನುಸಿಗಳವು, ನಮ್ಮ ಬಿಎಂಟಿಸಿ ಪ್ರಯಾಣಿಕರ ಹಾಗೆ.

ಹಂತ 7: ಹೇಗೆ ಸತ್ತಿತು

ಗಾಜಿನ ಬುಡದಲ್ಲೇ ಬಿದ್ದು, ಮೈಮೇಲೆ ಗಾಯ ಕಾಣದಿದ್ದರೆ ಬಡಿದೇ ಸತ್ತಿದೆ. ಗಾಜನ್ನು ಓರೆಯಾಗಿ ನೋಡಿ. ಎಣ್ಣೆ ಕೈ ತಾಗಿದಂಥ ಕಲೆಯೋ ಅಂಟಿದ ಪುಟ್ಟ ಗರಿಯೋ ಕಾಣಬಹುದು. ಕತ್ತು ಮುರಿದು ಸತ್ತಿತು ಅಂತ ಎಲ್ಲರೂ ಹೇಳುತ್ತಾರೆ. ಹೆಚ್ಚಿನ ಸಲ ಸಾವು ತಲೆಯೊಳಗಿನ ರಕ್ತಸ್ರಾವದಿಂದ. ಸತ್ತ ಹಕ್ಕಿಯ ಕತ್ತು ಯಾವಾಗಲೂ ಜೋಲುತ್ತದೆ, ಅಷ್ಟೆ. ಅಮೆರಿಕದಲ್ಲಿ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಗಾಜಿಗೆ ಬಡಿದು ಸಾಯುತ್ತವೆ ಎಂಬುದು 2014ರ ಒಂದು ಅಂದಾಜು.

ಗರಿ ಒದ್ದೆಯಾಗಿ ಅಂಟಿಕೊಂಡಿದ್ದು, ಬಾಲ ಕಿತ್ತುಹೋಗಿದ್ದರೆ ಬೆಕ್ಕು. ಫೀಡರಿನ ಕೆಳಗೆ ಅರ್ಧ ತಿಂದು ಬಿಟ್ಟದ್ದು ಸಿಕ್ಕರೆ ಫೀಡರ್ ಮೇಲೆ ಕಣ್ಣಾಡಿಸಿ. ಸೂರ್ಯನ ಕುದುರೆ ಅಂತೀವಲ್ಲ, ಆ ಮ್ಯಾಂಟಿಸ್, ಇಲ್ಲಿ ಹಮ್ಮಿಂಗ್‌ಬರ್ಡನ್ನೇ ಹಿಡಿದು ತಿನ್ನುತ್ತದೆ.

ಗರಾಜಿನಲ್ಲಿ ಸಿಕ್ಕಿದ್ದರೆ ಕಾರಣ ಬೇರೆ. ಗರಾಜ್ ಬಾಗಿಲ ಮೋಟಾರಿನಿಂದ ಒಂದು ಕೆಂಪು ಹಿಡಿ ನೇತಾಡುತ್ತಿರುತ್ತದೆ. ಅದನ್ನು ಹೂವು ಅಂತ ತಿಳಿದು ಒಳಗೆ ಬರುತ್ತವೆ. ಬಂದ ಮೇಲೆ ಹೆದರಿದರೆ ಮೇಲಕ್ಕೇ ಹಾರುತ್ತವೆ, ಬಾಗಿಲು ಕೆಳಗೆ ತೆರೆದಿದ್ದರೂ ಕಾಣುವುದಿಲ್ಲ. ಸುತ್ತಿ ಸುತ್ತಿ ಬಳಲಿ ಬೀಳುತ್ತವೆ. ಎರಡು ವರ್ಷದ ಹಿಂದೆ ನಮ್ಮ ಗರಾಜಿನ ಕಿಟಕಿ ಕಟ್ಟೆಯಲ್ಲಿ ಒಂದು ಒಣಗಿದ್ದು ಸಿಕ್ಕಿತ್ತು. ಆಗ ಯಾಕೆ ಅಂತ ತಿಳಿದಿರಲಿಲ್ಲ.

ಇಂಥದ್ದು ಏನೂ ಕಾಣದೆ, ಎದೆಯ ಮೂಳೆ ಬ್ಲೇಡಿನಂತೆ ಚೂಪಾಗಿ ಕೈಗೆ ಸಿಕ್ಕರೆ ಹಸಿವೋ ಕಾಯಿಲೆಯೋ ಇತ್ತು ಅಂತ ಅರ್ಥ.

ಹಂತ 8: ಹೆಣ್ಣಾದರೆ ಗೂಡು ಹುಡುಕಿ

ಆನಾಸ್ ಹೆಣ್ಣು ಡಿಸೆಂಬರ್‌ನಿಂದಲೇ ಗೂಡು ಕಟ್ಟಲು ಶುರು ಮಾಡುತ್ತದೆ. ಗಂಡು ಇತ್ತ ತಲೆ ಹಾಕುವುದಿಲ್ಲ. ಮರಿ ಸಾಕುವುದೆಲ್ಲ ತಾಯಿಯೊಬ್ಬಳದೇ. ಹಾಗಾಗಿ ಈ ತಿಂಗಳುಗಳಲ್ಲಿ ಹೆಣ್ಣು ಸತ್ತರೆ ಸುತ್ತಲಿನ ಗಿಡಗಳನ್ನು ಒಮ್ಮೆ ನೋಡುವುದು ಒಳ್ಳೆಯದು. ಗೂಡು ಅರ್ಧ ಅಕ್ರೋಟಿನ ಚಿಪ್ಪಿನಷ್ಟು. ಜೇಡರ ಬಲೆಯಿಂದ ಹೆಣೆದು ಹೊರಗೆ ಪಾಚಿ ಚೂರು ಅಂಟಿಸಿರುತ್ತದೆ, ಮರದ ಗಂಟು ಅನ್ನಿಸುತ್ತದೆ. ಸಿಕ್ಕರೆ ಕೈ ಹಾಕಬೇಡಿ. ದೂರ ಕೂತು ಒಂದು ಗಂಟೆ, ಕಣ್ಣು ಅತ್ತಿತ್ತ ಮಾಡದೆ ಕಾಯಿರಿ. ತಾಯಿ ಬಂದು ಹೋಗಲು ಕೆಲವೇ ಸೆಕೆಂಡು ಸಾಕು. ಸತ್ತದ್ದು ಬೇರೆಯೇ ಹಕ್ಕಿ ಇರಬಹುದಲ್ವಾ? ಯಾರೂ ಬರದಿದ್ದರೆ ಮೇಲೆ ಹೇಳಿದ ಕೇಂದ್ರಕ್ಕೇ ಫೋನ್ ಮಾಡಿ.

ನಾವು ನಿಂಬೆ ಗಿಡ, ಮಲ್ಲಿಗೆ ಬಳ್ಳಿ, ಪಕ್ಕದವರ ಬೇಲಿ ಎಲ್ಲ ನೋಡಿದೆವು. ಸಿಗಲಿಲ್ಲ.

ಹಂತ 9: ದಾಖಲೆ, ಆಮೇಲೆ ಮಣ್ಣು

ಜನ ತಾವು ಕಂಡ ಗಿಡ, ಪ್ರಾಣಿಗಳ ಫೋಟೊ ಹಾಕುವ ಐನ್ಯಾಚುರಲಿಸ್ಟ್ ಎಂಬ ತಾಣಕ್ಕೆ ಸತ್ತ ಹಕ್ಕಿಯ ಫೋಟೊವನ್ನೂ ಹಾಕಬಹುದು. ಆರೂ ಚಿತ್ರ ಒಂದೇ ದಾಖಲೆಯಲ್ಲಿ ಹಾಕಿ, "ಸತ್ತಿದೆ" ಎಂಬ ಗುರುತು ಆರಿಸಿ. ಮನೆಯ ವಿಳಾಸ ಕಾಣಬಾರದು ಅಂದರೆ ಜಾಗವನ್ನು ಮಸುಕು ಮಾಡುವ ಆಯ್ಕೆ ಇದೆ, ಮರೆಯಬೇಡಿ. ಕಾರ್ನೆಲ್ ವಿಶ್ವವಿದ್ಯಾಲಯದವರ ಮರ್ಲಿನ್ ಆ್ಯಪ್ ಕೂಡ ಫೋಟೊದಿಂದ ಹೆಸರು ಹೇಳುತ್ತದೆ. ಆದರೆ ಬಿದ್ದ ಹಕ್ಕಿಯ ವಕ್ರ ಭಂಗಿ ನೋಡಿ ತಪ್ಪುವುದುಂಟು. ಐನ್ಯಾಚುರಲಿಸ್ಟ್‌ನಲ್ಲಿ ಮನುಷ್ಯರು ನೋಡುತ್ತಾರೆ, ಅದೇ ವಾಸಿ. ಕ್ಯಾಲಿಫೋರ್ನಿಯಾದಲ್ಲಿ ಸತ್ತ ಹಕ್ಕಿ ಸಿಕ್ಕರೆ ರಾಜ್ಯದ ಆರೋಗ್ಯ ಇಲಾಖೆಗೂ ತಿಳಿಸಬಹುದು. ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ವೈರಸ್ಸಿನ ಮೇಲೆ ಕಣ್ಣಿಡಲು ಅವರು ಇದನ್ನು ದಾಖಲಿಸುತ್ತಾರೆ.

ಕೆಲವು ಮ್ಯೂಸಿಯಂಗಳಿಗೆ ಸತ್ತ ಹಕ್ಕಿ ತೆಗೆದುಕೊಳ್ಳುವ ಪರವಾನಗಿ ಇರುತ್ತದೆ. ಹಕ್ಕಿ ತಾಜಾ ಇದ್ದರೆ ಮೊದಲು ಅವರನ್ನು ಕೇಳಿ, ಅವರು ಹೇಳಿದಂತೆ ಮಾಡಿ. ಅವರು ಬೇಕು ಅಂದರೆ ದಿನಾಂಕ, ಜಾಗ, ಸತ್ತ ಕಾರಣ ಬರೆದ ಚೀಟಿ ಜೊತೆಗಿರಲಿ. ಚೀಟಿ ಇಲ್ಲದ ಹಕ್ಕಿ ಅವರಿಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಬೇಡ ಅಂದರೆ ಹೂಳಿ. ಒಂದು ಗೇಣಿಗಿಂತ ಆಳ ತೋಡಿ, ಮೇಲೆ ಕಲ್ಲಿಡಿ, ಇಲ್ಲದಿದ್ದರೆ ರಾತ್ರಿ ರಕೂನ್ ಬಂದು ಕೆದಕುತ್ತದೆ. ಅಪಾರ್ಟ್‌ಮೆಂಟಿನವರು ಎರಡು ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಬಹುದು. ನಾವು ನಿಂಬೆ ಗಿಡದ ಬುಡದಲ್ಲಿ ಹೂತೆವು. ಅಮ್ಮ ಎರಡು ಮಲ್ಲಿಗೆ ಹೂ ಹಾಕಿದರು.

ಹಂತ 10: ಇನ್ನೊಂದು ಬೀಳದಂತೆ

ಫೀಡರನ್ನು ಗಾಜಿನಿಂದ ಮೂರು ಅಡಿ ಒಳಗೆ ತೂಗುಹಾಕಿ, ಇಲ್ಲದಿದ್ದರೆ ಮೂವತ್ತು ಅಡಿ ಆಚೆ. ತೀರಾ ಹತ್ತಿರ ಇದ್ದರೆ ಹಕ್ಕಿಗೆ ವೇಗ ಹಿಡಿಯಲು ಜಾಗ ಸಿಗುವುದಿಲ್ಲ, ಬಡಿದರೂ ಏಟು ಜೋರಾಗುವುದಿಲ್ಲ. ನಮ್ಮದು ಹತ್ತು ಹನ್ನೆರಡು ಅಡಿಯಲ್ಲಿತ್ತು. ನಾನೇ ತೂಗುಹಾಕಿದ್ದು.

ಸಕ್ಕರೆ ನೀರು: ಒಂದು ಪಾಲು ಬಿಳಿ ಸಕ್ಕರೆ, ನಾಲ್ಕು ಪಾಲು ನೀರು. ಕೆಂಪು ಬಣ್ಣ ಹಾಕಬಾರದು. ಬೆಲ್ಲ ಒಳ್ಳೆಯದಲ್ವಾ ಅಂತ ಅಮ್ಮ ಕೇಳಿದರು. ನಮಗೆ ಒಳ್ಳೆಯದು, ಇದಕ್ಕಲ್ಲ. ಬೆಲ್ಲದಲ್ಲಿರುವ ಕಬ್ಬಿಣದ ಅಂಶ ಈ ಹಕ್ಕಿಗೆ ತಡೆಯುವುದಿಲ್ಲ. ಜೇನುತುಪ್ಪ ಹಾಕಿದರೆ ಬೇಗ ಬೂಸ್ಟು ಹಿಡಿಯುತ್ತದೆ. ಬಿಸಿಲು ಕಾಲದಲ್ಲಿ ಎರಡು ದಿನಕ್ಕೊಮ್ಮೆ ತೊಳೆದು ಬದಲಿಸಿ. ಗರಾಜಿನ ಕೆಂಪು ಹಿಡಿಗೆ ಕಪ್ಪು ಟೇಪು ಸುತ್ತಿ. ಐದು ನಿಮಿಷದ ಕೆಲಸ.

ಇನ್ನು ಗಾಜು. ಗಿಡುಗನ ಚಿತ್ರದ ಸ್ಟಿಕ್ಕರ್ ಒಂದು ಅಂಟಿಸಿದರೆ ಪ್ರಯೋಜನ ಇಲ್ಲ, ಅದರ ಪಕ್ಕದಲ್ಲೇ ನುಗ್ಗುತ್ತವೆ. ಗಾಜಿನ ಹೊರಮೈ ತುಂಬಾ, ಎರಡೆರಡು ಇಂಚಿಗೆ ಒಂದರಂತೆ ಗುರುತು ಇರಬೇಕು. ಹಮ್ಮಿಂಗ್‌ಬರ್ಡ್ ಚಿಕ್ಕದಲ್ವಾ, ಅದಕ್ಕಿಂತ ದೊಡ್ಡ ಸಂದು ಬಿಟ್ಟರೆ ತೂರಬಹುದು ಅಂದುಕೊಳ್ಳುತ್ತದೆ. ಚುಕ್ಕಿ ಸ್ಟಿಕ್ಕರಿನ ರೋಲ್ ಸಿಗುತ್ತದೆ. ನಾನು ಫೋನಿನಲ್ಲಿ ಅದರ ಚಿತ್ರ ತೋರಿಸಿದೆ. ಅಮ್ಮ ಕನ್ನಡಕ ಏರಿಸಿ ನೋಡಿ, "ಇದು ಚುಕ್ಕಿ ರಂಗೋಲಿ ಅಲ್ವೇನೇ? ಇದಕ್ಯಾಕೆ ದುಡ್ಡು?" ಅಂದರು.

ಮಕ್ಕಳ ಬಿಳಿ ಟೆಂಪೆರಾ ಬಣ್ಣ ತಂದುಕೊಟ್ಟೆ. ಮಳೆಗೆ ಬೇಗ ಹೋಗುವುದಿಲ್ಲ, ಬೇಡವಾದಾಗ ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ. ಸ್ಟೂಲ್ ಹಾಕಿಕೊಂಡು ಮೇಲಿನ ಸಾಲು ನಾನು ಇಟ್ಟೆ, ಉಳಿದಿದ್ದು ಅಮ್ಮ. ಸ್ಕೇಲ್ ಬೇಡ ಅಂದರು. ಮೂರು ಬೆರಳು ಅಡ್ಡ ಇಟ್ಟು ಅಳೆದು, ಒಂದೊಂದೇ ಚುಕ್ಕಿ ಇಡುತ್ತಾ ಹೋದರು. ಎರಡು ಬಾಗಿಲಿಗೆ ಮಧ್ಯಾಹ್ನದ ತನಕ ಹಿಡಿಯಿತು. ಮುಗಿಸಿ ಹಿಂದೆ ನಿಂತು ನೋಡಿದರು. ಎಡಗಡೆ ಮೂಲೆಯಲ್ಲಿ ಒಂದು ಸಾಲು ಸೊಟ್ಟಗಾಗಿದೆ ಅಂತ ಅಳಿಸಿ ಮತ್ತೆ ಇಟ್ಟರು.